ಚೌಕಟ್ಟಿನ ಬಲಕ್ಕೆ

ಮಧ್ಯಾಹ್ನದ ಪಾತ್ರೆಗಳನ್ನೆಲ್ಲ ತೊಳೆದಿಟ್ಟು, ಒದ್ದೆ ಕೈ ಒರೆಸಿಕೊಳ್ಳುತ್ತ ಬಂದ ಹೆಂಡತಿ ಟಿವಿಯ ಮುಂದೆ ಕುರ್ಚಿ ಎಳೆದುಕೊಂಡು ಕೂತಳು.

"ಹಾಕ್ರಿ, ಇನ್ನೊಂದ್ಸಲ ನೋಡೋಣ."

ಛಾಯಾಗ್ರಾಹಕ ಹಾಕಿದ. ಅವನಿಗೂ ಅದೇ ಬೇಕಿತ್ತು. ಅವಳ ಬಾಯಿಂದ ಬರಲಿ ಎಂದು ಕಾಯುತ್ತಿದ್ದ, ಅಷ್ಟೆ.

ಪರದೆಯ ಮೇಲೆ ಒಂದೆರಡು ಮೆಟ್ಟಿಲು, ಒಂದು ತುಂಡು ಕಾಲುದಾರಿ, ಅದರಾಚೆ ಒಂದಿಷ್ಟು ಡಾಂಬರು. ಇವರ ಮನೆಯ ಓಣಿ ಮುಗಿಯುವಲ್ಲಿ, ದೊಡ್ಡ ರಸ್ತೆಯ ಆಚೆ ಬದಿಗೆ ಒಂದು ಔಷಧಿ ಅಂಗಡಿಯಿದೆ. ಅದರ ಬಾಗಿಲ ಮೇಲೆ ಕೂರಿಸಿದ್ದ ಕಾವಲು ಕ್ಯಾಮೆರಾ ಕಂಡದ್ದು ಇಷ್ಟು. ಬೆಳಗಿನ ಬಿಳಿಚಿದ ಬೆಳಕು. ನಾಯಿಯನ್ನು ಎಳೆದುಕೊಂಡು ಒಬ್ಬ ಹೆಂಗಸು ಹಾದುಹೋಗುತ್ತಾಳೆ. ಚೌಕಟ್ಟು ಖಾಲಿಯಾಗುತ್ತದೆ. ಆಮೇಲೆ ಭಾವಮೈದುನ ಟೇಪು ಬರುತ್ತಾನೆ. ಓಣಿಯಿಂದ ನೇರ ರಸ್ತೆ ದಾಟಿ ಮೆಟ್ಟಿಲ ಎದುರು ನಿಲ್ಲುತ್ತಾನೆ. ತಲೆಯೆತ್ತಿ ಕ್ಯಾಮೆರಾವನ್ನೇ ನೋಡುತ್ತಾನೆ, ಒಂದು ಉಸಿರಿನಷ್ಟು ಹೊತ್ತು. ಭುಜದ ಚೀಲ ಸರಿಮಾಡಿಕೊಂಡು, ಚೌಕಟ್ಟಿನ ಬಲಕ್ಕೆ ತಿರುಗಿ ನಡೆದು ಹೊರಟುಹೋಗುತ್ತಾನೆ. ಮತ್ತೆ ಖಾಲಿ ಮೆಟ್ಟಿಲು.

"ಯಾಕ್ ಹಂಗೆ ತಲೆ ಎತ್ತಿ ನೋಡ್ದ?" ಪ್ರತಿ ಸಲವೂ ಅವಳು ಇದನ್ನೇ ಕೇಳುತ್ತಿದ್ದಳು. ಉತ್ತರ ಗೊತ್ತಿಲ್ಲ ಅಂತಲ್ಲ.

"ನನಗೋಸ್ಕರ. ಆ ಕ್ಯಾಮೆರಾ ಎಲ್ಲಿದೆ ಅಂತ ಅವನಿಗೆ ಗೊತ್ತು. ನಾನು ಇದನ್ನ ನೋಡೇ ನೋಡ್ತೀನಿ ಅಂತಾನೂ ಗೊತ್ತು."

"ಬಲಕ್ಕೆ ಹೋದ."

"ಬಲಕ್ಕೆ ಹೋದ. ಅಂದ್ರೆ ಬರ್ತಾನೆ."

ಅವಳು ತಲೆಯಾಡಿಸಿದಳು. ಮಾತ್ರೆ ನುಂಗಿ ನೀರು ಕುಡಿದವರ ಮುಖದಲ್ಲಿ ಕಾಣುವಂಥ ಸಮಾಧಾನ ಅವಳ ಮುಖಕ್ಕೂ ಬಂತು.

ಟೇಪು ಅವಳ ತಮ್ಮ. ಅಪ್ಪ ಅಮ್ಮ ಬೇಗ ಹೋದದ್ದರಿಂದ, ಅಕ್ಕನ ಮದುವೆಯಾದಾಗ ಅವಳ ಪೆಟ್ಟಿಗೆಯ ಹಿಂದೆ ತಾನೂ ಬಂದವನು. "ಭಾವನಿಗೆ ಸಿಕ್ಕ ಬಳುವಳಿ ಅಂದ್ರೆ ನಾನೊಬ್ಬನೇ, ಅದೂ ದಿನಾ ಉಣ್ಣೋ ಬಳುವಳಿ" ಎಂದು ಸಿನಿಮಾ ಸೆಟ್ಟಿನಲ್ಲಿ ತನ್ನನ್ನು ತಾನೇ ಆಡಿಕೊಳ್ಳುತ್ತಿದ್ದ. ಓದು ಹತ್ತಲಿಲ್ಲ. ಛಾಯಾಗ್ರಾಹಕ ಅವನನ್ನು ತನ್ನ ಜೊತೆಗೇ ಕೆಲಸಕ್ಕೆ ಸೇರಿಸಿಕೊಂಡ. ಕ್ಯಾಮೆರಾದ ಪಕ್ಕ ನಿಂತು, ನಟರು ಹೆಜ್ಜೆ ಇಟ್ಟಂತೆಲ್ಲ ಲೆನ್ಸಿನ ಉಂಗುರ ತಿರುಗಿಸಿ, ಮುಖ ಮಸುಕಾಗದಂತೆ ನೋಡಿಕೊಳ್ಳುವ ಕೆಲಸ. ಅದಕ್ಕೆ ದೂರ ಅಳೆಯಬೇಕು. ಸೊಂಟಕ್ಕೆ ಸದಾ ಅಳತೆಯ ಟೇಪು ಸಿಕ್ಕಿಸಿಕೊಂಡಿರುತ್ತಿದ್ದುದರಿಂದ ಹೆಸರೂ ಅದೇ ಆಯಿತು. ಕೊನೆಕೊನೆಗೆ ಅವನಿಗೆ ಟೇಪಿನ ಅಗತ್ಯವೇ ಇರಲಿಲ್ಲ. ಊಟಕ್ಕೆ ಕೂತಾಗ "ಅಕ್ಕ, ನಿನ್ನ ಕೈಲಿರೋ ಸೌಟಿಗೂ ನನ್ನ ತಟ್ಟೆಗೂ ಎರಡೂವರೆ ಅಡಿ, ಅದಕ್ಕೇ ಇನ್ನೂ ಬಡಿಸಿಲ್ಲ" ಎನ್ನುತ್ತಿದ್ದ. ಅವಳು ಅದೇ ಸೌಟಿನಿಂದ ಅವನ ತಲೆಗೆ ಮೊಟಕುತ್ತಿದ್ದಳು.

ಆಮೇಲೆ ತಾವಾಗಿಯೇ ಮುಖ ಹುಡುಕಿಕೊಳ್ಳುವ ಕ್ಯಾಮೆರಾಗಳು ಬಂದವು. ಟೇಪುವಿಗೆ ಕರೆ ಬರುವುದು ಕಡಿಮೆಯಾಯಿತು, ನಿಂತುಹೋಯಿತು. ಭಾವನೂ ಆ ಹೊತ್ತಿಗೆ ಸರಿಯಾಗಿ ಸೆಟ್ಟು ಬಿಟ್ಟು ಸಿನಿಮಾ ಶಾಲೆಯಲ್ಲಿ ಪಾಠ ಹೇಳಲು ಹೋಗಿದ್ದ; ಅಲ್ಲಿ ಟೇಪುವಿಗೆ ಜಾಗವಿರಲಿಲ್ಲ. ಅವನು ದಿನವಿಡೀ ಕಿಟಕಿಯ ಬಳಿ ಕೂತಿರುತ್ತಿದ್ದ. ತಮಾಷೆ ಬತ್ತಿತು. ತಟ್ಟೆಯಲ್ಲಿ ಹಾಕಿದ್ದು ಹಾಕಿದಂತೆಯೇ ಉಳಿಯತೊಡಗಿತು. ಒಂದು ಬೆಳಿಗ್ಗೆ, ಮನೆಯವರು ಏಳುವ ಮೊದಲು, ಹಾಸಿಗೆ ಮಡಿಸಿಟ್ಟು ಹೊರಟುಹೋಗಿದ್ದ. ಫೋನು ಮೇಜಿನ ಮೇಲೆಯೇ ಇತ್ತು.

ಇನ್ನು ಬಲ ಎಡದ ವಿಷಯ. ಛಾಯಾಗ್ರಾಹಕನೂ ಅವನ ಹಳೆಯ ನಿರ್ದೇಶಕನೂ ಸೇರಿ ತಮ್ಮ ಮೊದಲ ಸಿನಿಮಾದಲ್ಲೇ ಮಾಡಿಕೊಂಡಿದ್ದ ಕಟ್ಟಳೆ ಅದು. ಮನೆ ಬಿಟ್ಟು ಹೋಗುವ ಪಾತ್ರ ಮುಂದೆಂದಾದರೂ ತಿರುಗಿ ಬರುವುದಿದ್ದರೆ ಚೌಕಟ್ಟಿನ ಬಲಗಡೆಯಿಂದ ಹೊರಗೆ ಹೋಗಬೇಕು. ಬರುವುದಿಲ್ಲ ಎಂದಾದರೆ ಎಡಕ್ಕೆ. ಪ್ರೇಕ್ಷಕರಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ತಾಯಿಯ ಪಾತ್ರ ಎಡಕ್ಕೆ ನಡೆದಾಗ, ಕತೆಯಲ್ಲಿ ಇನ್ನೂ ಏನೂ ಆಗಿರದಿದ್ದರೂ, ಕತ್ತಲಲ್ಲಿ ಮೂಗೆಳೆಯುವ ಸದ್ದು ಕೇಳುತ್ತಿತ್ತು. ಓದುವ ಕಣ್ಣು ಎಡದಿಂದ ಬಲಕ್ಕೆ ಹರಿಯುತ್ತದೆ, ಅದಕ್ಕೆದುರಾಗಿ ನಡೆದವರು ಸೋತವರಂತೆ ಕಾಣುತ್ತಾರೆ ಎಂದು ಛಾಯಾಗ್ರಾಹಕ ತನಗೆ ತಾನೇ ಕಾರಣ ಕೊಟ್ಟುಕೊಂಡಿದ್ದ. ನಿರ್ದೇಶಕ ತೀರಿಕೊಂಡ. ಕಟ್ಟಳೆ ಗೊತ್ತಿದ್ದವರು ಲೋಕದಲ್ಲಿ ಇಬ್ಬರೇ ಉಳಿದರು, ಭಾವ ಮತ್ತು ಟೇಪು. ಅದೆಷ್ಟೋ ಸಲ ಉಂಗುರದ ಮೇಲೆ ಕೈಯಿಟ್ಟು, ನಟ ಹೊರಡುವ ಮುಂಚೆ, ಟೇಪು ಕಿವಿಯಲ್ಲಿ ಕೇಳುತ್ತಿದ್ದ: "ಭಾವ, ಇವನು ಬರೋನೋ ಬರದೇ ಇರೋನೋ?"

ಅಂಗಡಿಯಿಂದ ದೃಶ್ಯದ ಪ್ರತಿ ತರಿಸಿದ ದಿನ ಪೊಲೀಸ್ ಠಾಣೆಯ ಇನ್ಸ್‌ಪೆಕ್ಟರಿಗೂ ಛಾಯಾಗ್ರಾಹಕ ಇದನ್ನೆಲ್ಲ ವಿವರಿಸಿದ್ದ. ಇನ್ಸ್‌ಪೆಕ್ಟರು ಸಿನಿಮಾ ಹುಚ್ಚಿನ ಮನುಷ್ಯ. ಎದುರಿಗಿದ್ದ ಕಡತ ಮುಚ್ಚಿಟ್ಟು ಕೇಳಿದರು.

"ಆ ತಾಯಿ ಸೀನು ನಾನು ನೋಡಿದೀನಿ ಸರ್. ಅತ್ತಿದ್ದೆ. ಯಾಕೆ ಅಳ್ತಿದೀಯಾ ಅಂತ ನಮ್ಮನೇವಳು ಕೇಳಿದ್ರೆ ಹೇಳಕ್ಕೇ ಬರ್ಲಿಲ್ಲ. ಓಹೋ, ಇದಾ ಕಾರಣ."

"ಮೇಲಿಂದ ಕೆಳಕ್ಕೆ ನೋಡಿದ್ರೆ ಮನುಷ್ಯ ಸಣ್ಣವನಾಗ್ತಾನೆ. ಕುಗ್ಗಿದಾನೆ ಅಂತ ತೋರ್ಸಕ್ಕೆ ನಾವು ಕ್ಯಾಮೆರಾನ ಮೇಲೆ ಕಟ್ತೀವಿ. ಆದ್ರೆ ಅವನು ತಲೆ ಎತ್ತಿ ಲೆನ್ಸನ್ನೇ ನೋಡಿಬಿಟ್ರೆ ಸಣ್ಣವನಾಗಿ ಉಳಿಯಲ್ಲ. ಅಲ್ಲಿ ನೋಡಿ, ನಿಮ್ಮನ್ನೇ ಎದುರಿಸ್ತಾ ಇದಾನೆ."

"ಹೌದಲ್ವಾ." ಇನ್ಸ್‌ಪೆಕ್ಟರು ಪರದೆಗೆ ಮೂಗು ತಾಗಿಸುವಷ್ಟು ಬಾಗಿದರು. "ಬಲಕ್ಕೆ ಅಂದ್ರೆ ಬಸ್ ನಿಲ್ದಾಣದ ಕಡೆ. ಎಡಕ್ಕೆ ಹೋಗಿದ್ರೆ ಹಳೇ ಕಲ್ಲುಗಣಿ. ಸದ್ಯ."

ಸದ್ಯ ಎಂಬ ಆ ಮಾತಿಗೆ ಛಾಯಾಗ್ರಾಹಕನ ಜೀವ ತಂಪಾಯಿತು. ಗಣಿಯ ಕೆಲಸ ನಿಂತು ವರ್ಷಗಳಾಗಿದ್ದವು. ಹೊಂಡದಲ್ಲಿ ನೀರು ತುಂಬಿಕೊಂಡಿತ್ತು, ಬೇಲಿ ಅಲ್ಲಲ್ಲಿ ಮುರಿದಿತ್ತು. ಇನ್ಸ್‌ಪೆಕ್ಟರು ಬಸ್ಸು ಹೋಗುವ ಊರೂರಿಗೆ ಟೇಪುವಿನ ಫೋಟೋ ಕಳಿಸಿದರು.

ಹೆಂಡತಿ ಮಾತ್ರ ಮೊದಲ ಸಲ ನೋಡಿದಾಗಲೇ ಒಂದು ಮಾತು ಅಂದಿದ್ದಳು. "ಚೀಲ ಬಲಭುಜಕ್ಕೆ ಹಾಕಿದಾನಲ್ರೀ. ಅದು ಅವನಿಗೆ ಆಗಲ್ಲ." ಕ್ಯಾಮೆರಾದ ಪೆಟ್ಟಿಗೆ ಹೊತ್ತು ಹೊತ್ತು ಟೇಪುವಿನ ಬಲಭುಜ ಕೆಟ್ಟಿತ್ತು. ಟವೆಲು ಹಾಕಿಕೊಂಡರೂ ಎಡಕ್ಕೇ.

"ಅದೇ ಕಣೇ ವಿಷಯ" ಎಂದಿದ್ದ ಅವನು. ಹೇಳುತ್ತ ಹೇಳುತ್ತ ಅವನ ದನಿ ಏರಿತ್ತು. "ನೋಯೋ ಭುಜಕ್ಕೇ ಹಾಕ್ಕೊಂಡಿದಾನೆ, ಬೇಕು ಅಂತ. ನೋವನ್ನ ಹೊತ್ಕೊಂಡು ಹೋಗ್ತೀನಿ, ಇಳಿಸಿ ಬರ್ತೀನಿ ಅಂತ ಅರ್ಥ. ಮಾತಿಲ್ದೆ ಒಂದು ವಸ್ತುವಿನಿಂದ ಹೇಳೋದು ಅಂದ್ರೆ ಇದೇ. ನಾನೇ ಕಲಿಸಿದ್ದು ಅವನಿಗೆ."

ಅವಳು ಚೀಲದ ಮಾತು ಬಿಟ್ಟಳು. ಅವಳಿಗೆ ಬಿಡಿಸಿ ಹೇಳಲಾಗದ್ದನ್ನೆಲ್ಲ ಇಷ್ಟು ವರ್ಷ ಅವನೇ ಬಿಡಿಸಿ ಹೇಳುತ್ತ ಬಂದಿದ್ದ.

ನಾಲ್ಕು ತಿಂಗಳು ಹೀಗೆ ಕಳೆಯಿತು. ಮಧ್ಯಾಹ್ನ ದೃಶ್ಯ ನೋಡುವುದು, ಸಂಜೆ ಬಸ್ ನಿಲ್ದಾಣಕ್ಕೆ ಹೋಗಿ ಬೆಂಚಿನ ಮೇಲೆ ಕೂತು ಇಳಿಯುವವರ ಮುಖ ನೋಡುವುದು. ತನಗರಿವಿಲ್ಲದೆಯೇ ಅವಳು ಅವನ ಭಾಷೆಯನ್ನೇ ಆಡತೊಡಗಿದಳು. "ನಿಲ್ದಾಣದ ಬಾಗಿಲಲ್ಲಿ ಬೆಳಕು ಹಿಂದಿಂದ ಬೀಳುತ್ತೆ, ಬಂದ್ರೆ ಮೊದಲು ನೆರಳಿನ ಹಾಗೆ ಕಾಣ್ತಾನೆ, ಆಮೇಲೆ ಮುಖ" ಎನ್ನುತ್ತಿದ್ದಳು. ಟೇಪುವಿನ ಅಂಗಿಗಳನ್ನು ಆಗಾಗ ತೆಗೆದು ಮತ್ತೆ ಇಸ್ತ್ರಿ ಮಾಡಿ ಇಡುತ್ತಿದ್ದಳು. ನಿದ್ದೆಗೆಟ್ಟ ಮುಖದಲ್ಲೂ ಒಂದು ಗಟ್ಟಿತನ ಇತ್ತು. ಅದನ್ನು ಕಂಡಾಗ ಛಾಯಾಗ್ರಾಹಕನಿಗೆ ಹೆಮ್ಮೆಯೇ ಆಗುತ್ತಿತ್ತು. ಅವಳನ್ನು ನಿಲ್ಲಿಸಿರುವುದು ತಾನು ಕೊಟ್ಟ ಅರ್ಥ.

ತರಗತಿಯಲ್ಲಿ ಕೂಡ ಆ ದೃಶ್ಯ ಹಾಕಿದ್ದ, ಯಾರೆಂದು ಹೇಳದೆ. ಪಾತ್ರ ಹೋದ ಮೇಲೂ ಚೌಕಟ್ಟು ಖಾಲಿ ಉಳಿದರೆ ನೋಡುವವರ ಮನಸ್ಸು ಅಲ್ಲೇ ಕಾಯುತ್ತದೆ, ಕಾಯಿಸುವುದೂ ಒಂದು ಮಾತು ಎಂದು ವಿವರಿಸಿದ.

ಹಿಂದಿನ ಸಾಲಿನ ಒಬ್ಬಳು ಕೈ ಎತ್ತಿದಳು. "ಸರ್, ಈ ಕ್ಯಾಮೆರಾ ಹಿಂದೆ ಯಾರೂ ಇಲ್ವಲ್ಲ. ಯಾರೂ ಇಟ್ಟಿಲ್ಲದ ಅರ್ಥ ಎಲ್ಲಿಂದ ಬರುತ್ತೆ?"

"ಹಿಂದೆ ಇಲ್ಲ. ಮುಂದೆ ನಿಂತಿರೋನು ಕ್ಯಾಮೆರಾದವನು" ಎಂದ. ಹುಡುಗರು ನಕ್ಕರು. ಅವಳು ನಗಲಿಲ್ಲ, ಬರೆದುಕೊಳ್ಳಲೂ ಇಲ್ಲ.

ಹೆಂಡತಿಯ ರಕ್ತದೊತ್ತಡದ ಮಾತ್ರೆಗೆಂದು ಅವನು ಔಷಧಿ ಅಂಗಡಿಗೆ ಹೋದದ್ದು ಒಂದು ಶನಿವಾರ ಬೆಳಿಗ್ಗೆ. ಹೊರಗೆ ಮೆಟ್ಟಿಲವರೆಗೂ ಜನ. ಅವನೂ ನಿಂತ. ಒಳಕೋಣೆಯಲ್ಲಿದ್ದ ಕ್ಯಾಮೆರಾದ ಪರದೆಯನ್ನು ಅಂಗಡಿಯವನು ಈಚೆಗೆ ಗಿರಾಕಿಗಳ ಕಣ್ಣಿಗೆ ಬೀಳುವಂತೆ ಗಲ್ಲಾದ ಮೇಲೆ ತಂದಿಟ್ಟಿದ್ದ, ಕಳ್ಳರಿಗೆ ಹೆದರಿಕೆ ಇರಲಿ ಎಂದು. ಅದರಲ್ಲಿ ಛಾಯಾಗ್ರಾಹಕನಿಗೆ ತಾನೇ ಕಂಡ. ತಲೆಗೂದಲು ಕೆದರಿತ್ತು. ಬಲಗೈ ಎತ್ತಿ ಸರಿಮಾಡಿಕೊಂಡ. ಬಚ್ಚಲಿನ ಕನ್ನಡಿಯ ಮುಂದೆ ನಿಂತಷ್ಟೇ ಸಲೀಸಾಗಿ ಕೈ ಜಾಗ ಹುಡುಕಿಕೊಂಡಿತು.

ಆ ಸಲೀಸಿಗೇ ಅವನ ಕೈ ತಲೆಯ ಮೇಲೆ ನಿಂತುಬಿಟ್ಟಿತು.

ಕನ್ನಡಿಯಲ್ಲಿ ಬಲಗೈ ಬಲಕ್ಕೇ ಕಾಣಬೇಕು. ಕ್ಯಾಮೆರಾದಲ್ಲಿ ಹಾಗೆ ಕಾಣಬಾರದು. ಕ್ಯಾಮೆರಾ ಎದುರಿಗೆ ನಿಂತ ಇನ್ನೊಬ್ಬ ಮನುಷ್ಯನಿದ್ದಂತೆ. ನಮ್ಮ ಬಲಗೈ ಅದಕ್ಕೆ ಎಡಗಡೆ. ಅವನು ಕೈ ಇಳಿಸಿದ. ಮತ್ತೆ ಎತ್ತಿದ. ಪರದೆಯ ಬಲಗಡೆಯಲ್ಲೇ ಎದ್ದಿತು. ಎಡಗೈ ಎತ್ತಿದ. ಪರದೆಯ ಎಡಗಡೆ. ಹಿಂದೆ ನಿಂತಿದ್ದವರು "ಏನ್ ಸರ್, ವ್ಯಾಯಾಮನಾ?" ಎಂದರು. ಅವನಿಗೆ ಕೇಳಿಸಲಿಲ್ಲ.

ಸಾಲು ಬಿಟ್ಟು ಗಲ್ಲಾದ ಬಳಿ ಬಂದ. "ಈ ಚಿತ್ರ ಯಾವಾಗಿಂದ ಹೀಗಿದೆ?"

"ಹೇಗೆ ಸರ್?" ಅಂಗಡಿಯವನು ಚೀಟಿಯಿಂದ ತಲೆ ಎತ್ತದೆ ಕೇಳಿದ.

"ಎಡಬಲ ಅದಲು ಬದಲು."

"ಹೌದಾ? ನಾನ್ ನೋಡೇ ಇಲ್ಲ. ಹಾಕಿದಾಗಿಂದ ಯಾರೂ ಮುಟ್ಟಿಲ್ಲ ಸರ್. ಹೆಸರಿನ ಬೋರ್ಡಿಗೆ ತಾಗುತ್ತೆ ಅಂತ ತಲೆಕೆಳಗು ಕೂರಿಸಿದ್ರು. ಚಿತ್ರಾನೂ ತಲೆಕೆಳಗಾಗಿ ಬಂತು. ಯಾವುದೋ ಗುಂಡಿ ಒತ್ತಿ ನೆಟ್ಟಗೆ ಮಾಡಿ ಹೋದ್ರು. ಯಾಕೆ ಸರ್, ನಿಮ್ಮವರ ವಿಷಯ ಏನಾದ್ರೂ…"

ಅವನಿಗೆ ಇನ್ನು ಹೆಚ್ಚು ಕೇಳಬೇಕಿರಲಿಲ್ಲ. ತಲೆಕೆಳಗಾದ ಚಿತ್ರವನ್ನು ಅರ್ಧ ಸುತ್ತು ತಿರುಗಿಸಿದರೆ ಎಲ್ಲವೂ ತಂತಮ್ಮ ಜಾಗಕ್ಕೆ ಬರುತ್ತದೆ. ತಿರುಗಿಸುವ ಬದಲು ಬರೀ ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಗುಚಿದರೆ ತಲೆ ನೆಟ್ಟಗಾಗುತ್ತದೆ, ಎಡ ಬಲವಾಗಿ ಉಳಿಯುತ್ತದೆ. ಮೊದಲ ವರ್ಷದವರಿಗೆ ಕರಿಹಲಗೆಯ ಮೇಲೆ ಗೆರೆ ಎಳೆದು ಅವನು ಹೇಳಿಕೊಡುತ್ತಿದ್ದ ಪಾಠ. ಚೌಕಟ್ಟಿನಲ್ಲಿ ಒಂದು ಅಕ್ಷರ ಇದ್ದಿದ್ದರೆ, ಒಂದು ಗಡಿಯಾರ ಇದ್ದಿದ್ದರೆ, ಆ ಕ್ಷಣವೇ ಗೊತ್ತಾಗುತ್ತಿತ್ತು. ಇದ್ದದ್ದು ಮೆಟ್ಟಿಲು. ಮತ್ತು ಒಂದು ಚೀಲ.

ಚೀಲ ಎಡಭುಜದ ಮೇಲೇ ಇತ್ತು. ಅದರಲ್ಲಿ ಏನರ್ಥವೂ ಇರಲಿಲ್ಲ. ನೋಯದ ಭುಜಕ್ಕೆ ಹಾಕಿಕೊಂಡಿದ್ದ, ಅಷ್ಟೆ.

ಟೇಪು ಎಡಕ್ಕೆ ಹೋಗಿದ್ದ.

ಅಂಗಡಿಯ ಮೆಟ್ಟಿಲಿಳಿದು, ಟೇಪು ನಿಂತಿದ್ದ ಜಾಗದಲ್ಲೇ ನಿಂತು, ಛಾಯಾಗ್ರಾಹಕ ಗಣಿಯ ಕಡೆಗೆ ನೋಡಿದ. ಸುಮ್ಮನೆ ಹೋದನೆಂದುಕೊಂಡರೆ, ಬೆಳಗಿನ ಗಾಳಿಗೆ ಹೊರಟವನು ಆ ಮುರಿದ ಬೇಲಿಯ ಕಡೆ ಹೋದ. ಕ್ಯಾಮೆರಾ ನೋಡಿ, ತನಗೇ ಹೇಳಿ ಹೋದನೆಂದುಕೊಂಡರೆ, ಟೇಪುವಿಗಂತೂ ಕ್ಯಾಮೆರಾದ ಎಡ ಯಾವುದು ಬಲ ಯಾವುದು ಎಂದು ನಿದ್ದೆಯಲ್ಲೂ ಗೊತ್ತಿತ್ತು. ಮೊದಲನೆಯದೇ ಇರಲಿ ಎಂದು ಮನಸ್ಸು ಹಂಬಲಿಸಿತು. ಆದರೆ ಎರಡನೆಯದನ್ನು ನಾಲ್ಕು ತಿಂಗಳು ಹೆಂಡತಿಗೆ, ಇನ್ಸ್‌ಪೆಕ್ಟರಿಗೆ, ಒಂದು ತರಗತಿಗೆ ಅವನೇ ಎಳೆಎಳೆಯಾಗಿ ಸಾಧಿಸಿ ತೋರಿಸಿದ್ದ. ಒಂದು ಎಳೆಯೂ ಈಗ ಸಡಿಲವಾಗುತ್ತಿರಲಿಲ್ಲ. ದಿಕ್ಕು ಮಾತ್ರ ಬದಲಾಗಿತ್ತು.

ಮಾತ್ರೆ ತಾರದೆ ಮನೆಗೆ ಬಂದ. ಹೆಂಡತಿ ಇಸ್ತ್ರಿ ಮಾಡುತ್ತಿದ್ದಳು. ಹೇಗೆ ಶುರುಮಾಡುವುದೆಂದು ತಿಳಿಯದೆ ಕ್ಯಾಮೆರಾ ತಲೆಕೆಳಗು ಕೂರಿಸಿದ ವಿಷಯದಿಂದಲೇ ಶುರುಮಾಡಿದ. ಅರ್ಧ ಸುತ್ತು, ಮಗುಚುವುದು ಎಂದೆಲ್ಲ ಕೈಯಲ್ಲಿ ತೋರಿಸುತ್ತ ಹೋದ. ಅವಳು ಇಸ್ತ್ರಿಪೆಟ್ಟಿಗೆಯ ತಂತಿ ಕಿತ್ತು ಪಕ್ಕಕ್ಕಿಟ್ಟಳು.

"ಸುತ್ತಿ ಬಳಸಿ ಬೇಡ. ಎಡಕ್ಕೆ ಹೋದ ಅಂತೀರಾ?"

"ಹೂಂ."

"ಚೀಲ ಸರಿಯಾಗೇ ಹಾಕ್ಕೊಂಡಿದ್ದ."

"ಹೂಂ."

ಅವಳು ಅಂಗಿಯನ್ನು ಮಡಿಸಿದಳು, ತೋಳು ಒಳಗೆ, ಕಾಲರು ಮೇಲೆ. "ಎಡಕ್ಕೆ ಹೋದೋರು…" ಎಂದು ನಿಲ್ಲಿಸಿದಳು.

"ಅದು ಸಿನಿಮಾದಲ್ಲಿ. ನಾವು ಮಾಡ್ಕೊಂಡಿದ್ದು."

"ಇಷ್ಟು ದಿನ ಸಿನಿಮಾ ಅಲ್ಲ, ಅವನ ಮಾತು ಅಂದ್ರಲ್ಲ."

ಅವಳು ಬಾಗಿಲ ಬಳಿ ಹೋಗಿ ಚಪ್ಪಲಿ ಮೆಟ್ಟಿಕೊಂಡಳು.

ಠಾಣೆಯಲ್ಲಿ ಇನ್ಸ್‌ಪೆಕ್ಟರು ಈ ಸಲ ಕುರ್ಚಿಯಿಂದ ಮುಂದಕ್ಕೆ ಬಾಗಲಿಲ್ಲ. ಕೇಳುತ್ತ ಕೇಳುತ್ತ ಹಿಂದಕ್ಕೊರಗಿದರು. ಹಣೆ ಉಜ್ಜಿಕೊಂಡರು. ಆಮೇಲೆ ಎದ್ದು ಬೀರುವಿನಿಂದ ಒಂದು ಕಡತ ತಂದು, ಬಿಚ್ಚದೆ, ಮೇಲೆ ಕೈಯಿಟ್ಟುಕೊಂಡು ಕೂತರು.

"ಗಣಿಯ ಆಚೆ ದಡ ಪಕ್ಕದ ಠಾಣೆಗೆ ಸೇರುತ್ತೆ. ನಿಮ್ಮವರು ಹೋದ ಮುಂದಿನ ವಾರ ಅಲ್ಲೊಂದು ಶವ ಸಿಕ್ಕಿತ್ತು. ಗುರುತು ಹಿಡಿಯೋರಿದ್ರೆ ತಿಳಿಸಿ ಅಂತ ನಮಗೂ ಕಳಿಸಿದ್ರು." ಅವರು ಛಾಯಾಗ್ರಾಹಕನನ್ನು ನೋಡದೆ ಮೇಜನ್ನು ನೋಡಿ ಹೇಳಿದರು. "ನಿಮ್ಮವರು ಬಸ್ಸಲ್ಲಿ ಹೋದ್ರಲ್ಲ ಅಂತ ನಾನೇ ಪಕ್ಕಕ್ಕಿಟ್ಟೆ. ಹೋಲಿಸಿ ಕೂಡ ನೋಡ್ಲಿಲ್ಲ."

"ಕೊಡಿ" ಎಂದ ಛಾಯಾಗ್ರಾಹಕ.

ಫೋಟೋ ಅವನ ಕೈಗೆ ಬಂತು. ಯಾರೋ ನಿಂತು, ಕೆಳಗೆ ಮಲಗಿಸಿದ್ದನ್ನು ಎದುರಿನಿಂದ ಫ್ಲಾಶು ಹೊಡೆದು ತೆಗೆದದ್ದು. ನೆರಳಿಲ್ಲ, ಆಳವಿಲ್ಲ, ಇದನ್ನು ನೋಡಿ ಎಂದು ಯಾವುದನ್ನೂ ಮುಂದೆ ಮಾಡಿರಲಿಲ್ಲ. ತಲೆಯ ತುದಿ ಚೌಕಟ್ಟಿನಿಂದ ತುಸು ಹೊರಗೆ ಹೋಗಿತ್ತು. ಹೀಗೆ ತೆಗೆದವನನ್ನು ಅವನು ತರಗತಿಯಿಂದ ಎಬ್ಬಿಸಿ ಕಳಿಸುತ್ತಿದ್ದ. ನೀರಿನಲ್ಲಿ ಊದಿಹೋದ ಮುಖ ಯಾರದ್ದಾದರೂ ಆಗಬಹುದಿತ್ತು. ಯಾರದ್ದಾದರೂ ಆಗಬಹುದು ಎಂದು ಹೇಳಲು ಅವನು ಬಾಯಿ ತೆರೆದ.

ಹೆಂಡತಿ ಅವನ ಕೈಯಿಂದ ಅದನ್ನು ತೆಗೆದುಕೊಂಡಳು. "ನೀವು ಏನೂ ಹೇಳ್ಬೇಡಿ."

ಅವಳು ಮುಖವನ್ನು ಬಹಳ ಹೊತ್ತು ನೋಡಲಿಲ್ಲ. ಅಂಗಿಯ ಜೇಬಿನ ಮೂಲೆಯಲ್ಲಿ ಬೆರಳಿಟ್ಟಳು. ಹರಿದಿದ್ದ ಜೇಬನ್ನು ಯಾರೋ ಬೇರೆ ಬಣ್ಣದ ದಾರದಲ್ಲಿ ಹೊಲಿದಿದ್ದರು.

"ಅವತ್ತು ನೀಲಿ ದಾರ ಮುಗಿದಿತ್ತು" ಎಂದಳು. "ಕಪ್ಪು ಹಾಕ್ತೀನಿ ಕಣೋ, ಯಾರಿಗೂ ಕಾಣಲ್ಲ ಅಂದಿದ್ದೆ." ಫೋಟೋವನ್ನು ಇನ್ಸ್‌ಪೆಕ್ಟರಿಗೆ ಹಿಂದಿರುಗಿಸಿದಳು. "ಎಲ್ಲಿಟ್ಟಿದಾರೆ?"

ಪುರಸಭೆಯವರು ಕಾಯುವಷ್ಟು ದಿನ ಕಾದು ಮಣ್ಣು ಮಾಡಿದ್ದರು. ಇನ್ಸ್‌ಪೆಕ್ಟರು ತಮ್ಮ ಜೀಪಿನಲ್ಲೇ ಕರೆದುಕೊಂಡು ಹೋದರು. ಊರಾಚೆ, ಕಾರ್ಖಾನೆಯ ಗೋಡೆಯ ಬೆನ್ನಿಗೆ, ಒಂದು ಬಯಲು. ಒಂದು ಬದಿಯಲ್ಲಿ ಹೆಸರಿದ್ದವರ ಕಲ್ಲುಗಳು. ಇನ್ನೊಂದು ಬದಿಯಲ್ಲಿ ಹುಲ್ಲು ಎದ್ದ ಮಣ್ಣಿನ ದಿಬ್ಬಗಳು, ಕೆಲವಕ್ಕೆ ತಗಡಿನ ಚೂರು ಚುಚ್ಚಿತ್ತು, ಕೆಲವಕ್ಕೆ ಅದೂ ಇರಲಿಲ್ಲ. ಕಾವಲಿನ ಮುದುಕ ಬೀಡಿ ಆರಿಸಿ ಕಿವಿಯ ಮೇಲಿಟ್ಟುಕೊಂಡು ಮುಂದೆ ನಡೆದ. ಒಂದು ಕಡೆ ನಿಂತ. ಎರಡು ಹೆಜ್ಜೆ ಹಿಂದೆ ಬಂದ.

"ಇದು. ಇಲ್ಲಾಂದ್ರೆ ಪಕ್ಕದ್ದು. ಆ ವಾರ ಇಬ್ರು ಬಂದಿದ್ರು, ಇಬ್ರಿಗೂ ಯಾರೂ ಇರ್ಲಿಲ್ಲ."

"ಸರಿಯಾಗಿ ನೆನಪು ಮಾಡ್ಕೊಳ್ಳಯ್ಯ" ಎಂದರು ಇನ್ಸ್‌ಪೆಕ್ಟರು.

"ತಗಡು ಗಾಳಿಗೆ ಹಾರೋಗತ್ತೆ ಸ್ವಾಮಿ. ಸುಳ್ಳು ಹೇಳಿ ನಂಗೇನಾಗ್ಬೇಕು?"

"ತಲೆ ಯಾವ ಕಡೆ?" ಎಂದು ಹೆಂಡತಿ ಕೇಳಿದಳು.

ಮುದುಕ ದಿಬ್ಬದ ಆ ತುದಿ ನೋಡಿದ, ಈ ತುದಿ ನೋಡಿದ. "ಅದ್ ಗೊತ್ತಿಲ್ಲಮ್ಮ. ಗಾಡಿ ಹೆಂಗ್ ಬಂದ್ರೆ ಹಂಗೆ ಇಳಿಸ್ತೀವಿ."

ಅವಳು ಎರಡು ದಿಬ್ಬಗಳ ನಡುವಿನ ಹುಲ್ಲಿನಲ್ಲಿ ಒಂದು ಹೆಜ್ಜೆ ಇಟ್ಟು, ತುಳಿದುಬಿಟ್ಟೆನೇನೋ ಎಂದು ಹಿಂದೆಗೆದಳು. ಆ ಕಡೆ ಹೋದಳು. ಅಲ್ಲೂ ನಿಲ್ಲಲಾಗಲಿಲ್ಲ. ಕಾರ್ಖಾನೆಯ ಗೋಡೆಯಾಚೆ ಯಂತ್ರವೊಂದು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಬಿಸಿಲು ನೆತ್ತಿಯ ಮೇಲಿದ್ದುದರಿಂದ ಯಾರಿಗೂ ನೆರಳೇ ಇರಲಿಲ್ಲ.

"ರೀ" ಎಂದು ಗಂಡನ ಕಡೆ ತಿರುಗಿದಳು. ಬೆಳಗಿನಿಂದ ಅವಳು ಅವನನ್ನು ನೆಟ್ಟಗೆ ನೋಡಿದ್ದು ಇದೇ ಮೊದಲು. "ನಾನು ಎಲ್ಲಿ ನಿಂತ್ಕೊಳ್ಳಲಿ?"

ಎಷ್ಟೋ ವರ್ಷ, ಎಷ್ಟೋ ಜನರಿಗೆ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ನಿಲ್ಲುವ ಜಾಗ ತೋರಿಸಿದವನು ಅವನು. ಈ ದಿಬ್ಬ ನೋಡಿದ, ಆ ದಿಬ್ಬ ನೋಡಿದ. ಅವಳು ಕಾಯುತ್ತ ನಿಂತೇ ಇದ್ದಳು.